ಗೋಡೆಯ ಚೀಟಿಗಿಂತ ಮೊದಲು

ಬಸ್ ನಿಲ್ದಾಣದ ಶೌಚಾಲಯದ ಗೋಡೆ ತುಂಬ ‘ಗುಪ್ತ ಸಮಸ್ಯೆಗೆ ಖಚಿತ ಪರಿಹಾರ’ದ ಚೀಟಿಗಳು. ಐವತ್ತರ ಆಸುಪಾಸಿನ ಗಂಡಸು ಅದರಲ್ಲಿನ ನಂಬರನ್ನು ಕದ್ದು ಬರೆದುಕೊಳ್ಳುತ್ತಾನೆ. ವರ್ಷಗಳಿಂದ ತೋರಿಸಿಕೊಳ್ಳುವ ಡಾಕ್ಟರ ಮುಂದೆ ಮಾತ್ರ ಬಾಯಿ ಬಿಡುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕೂತು ತನ್ನ ಶುಗರ್, ಬಿಪಿ ಎಷ್ಟೆಂದು ಎಲ್ಲರಿಗೂ ಕೇಳುವಂತೆ ಹೇಳುವವನೂ ಇವನೇ. ಈ ಒಂದು ಮೌನ ಜೀವಕ್ಕೇ ಎರವಾಗಬಹುದು ಎಂಬುದು ನನ್ನ ಆತಂಕ.

ಶಿಶ್ನಕ್ಕೆ ರಕ್ತ ಒಯ್ಯುವ ನಾಳಗಳ ಅಗಲ ಸುಮಾರು 1ರಿಂದ 2 ಮಿ.ಮೀ. ಹೃದಯದ ನಾಳಗಳದ್ದು 3ರಿಂದ 4 ಮಿ.ಮೀ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಏರಿದ ರಕ್ತದೊತ್ತಡ ಇವೆಲ್ಲ ನಾಳಗಳ ಒಳಪದರವನ್ನು ಕೆಡಿಸತೊಡಗಿದರೆ ಮೊದಲು ಸೋಲುವುದು ಕಿರಿದಾದ ನಾಳ. ಹಾಗಾಗಿಯೇ ಎಷ್ಟೋ ಜನರಲ್ಲಿ ನಿಮಿರುವಿಕೆಯ ತೊಂದರೆ ಎದೆನೋವಿಗಿಂತ ಎರಡು ಮೂರು ವರ್ಷ ಮುಂಚೆ ಕಾಣಿಸಿಕೊಳ್ಳುತ್ತದೆ. ಆಸೆಯೇ ಬೇರೆ, ನಿಮಿರುವಿಕೆಯೇ ಬೇರೆ, ನಿಜ. ಆದರೆ ಮತ್ತೆ ಮತ್ತೆ ಸೋತವನು ಮೆಲ್ಲಗೆ ಆಸೆಯಿಂದಲೂ ದೂರ ಸರಿಯುತ್ತಾನೆ. ‘ವಯಸ್ಸಾಯ್ತು ಬಿಡು’ ಎಂದು ಸುಮ್ಮನಾಗುತ್ತಾನೆ. ಗೆಳೆಯರು ಕೊಟ್ಟ ಮಾತ್ರೆ ನುಂಗುವುದಂತೂ ಬೇಡವೇ ಬೇಡ. ಎದೆನೋವಿಗೆಂದು ನಾಲಿಗೆಯಡಿ ಇಟ್ಟುಕೊಳ್ಳುವ ನೈಟ್ರೇಟ್ ಜೊತೆ ವಯಾಗ್ರಾ ಸೇರಿದರೆ ಬಿಪಿ ಕುಸಿದು ಪ್ರಾಣವೇ ಹೋಗಬಹುದು.

ಹೆಂಗಸರ ಪಾಲಿಗೆ ಗೋಡೆಯ ಮೇಲೆ ಚೀಟಿಯೂ ಇಲ್ಲ. ‘ಅವಳಿಗೆ ಆಸಕ್ತಿಯೇ ಇಲ್ಲ’ ಎಂಬ ದೂರು ಮಾತ್ರ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಎರಡು ಕೊಡ ನೀರು ಹೊತ್ತರೆ ಏದುಸಿರು ಬರುವ ಮೈ ರಾತ್ರಿ ಬಯಸುವುದು ನಿದ್ದೆಯನ್ನು. ಥೈರಾಯ್ಡ್ ಕುಂದಿದರೂ ಬಯಕೆ ಕುಂದುತ್ತದೆ. ಮಗುವಿಗೆ ಹಾಲೂಡಿಸುವಾಗ, ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಯೋನಿ ಒಣಗುತ್ತದೆ, ಕೂಡುವುದೇ ನೋವಾಗುತ್ತದೆ. ನೋವಿಗೆ ಹೆದರಿ ಮಗ್ಗುಲು ತಿರುಗಿದವಳನ್ನು ಒಲವಿಲ್ಲದವಳು ಎನ್ನುವುದು ಅನ್ಯಾಯ. ಇವೆಲ್ಲಕ್ಕೂ ಚಿಕಿತ್ಸೆ ಇದೆ, ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಕೆಲವು ಕಾರಣ ಗೊತ್ತಾಗುತ್ತವೆ. ಖಿನ್ನತೆಯ, ಬಿಪಿಯ ಕೆಲವು ಮಾತ್ರೆಗಳೂ ಆಸೆಯನ್ನು ತಗ್ಗಿಸುತ್ತವೆ. ತಾವಾಗಿಯೇ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರಿಗೆ ಹೇಳಿದರೆ ಬದಲಿಸಿ ಕೊಡುತ್ತಾರೆ.

ವೈದ್ಯರಲ್ಲೂ ಒಂದು ಕೋರಿಕೆ. ಸಕ್ಕರೆ ಕಾಯಿಲೆಯವರ ಕಣ್ಣು ನೋಡುತ್ತೀರಿ, ಪಾದ ನೋಡುತ್ತೀರಿ. ಬಾಗಿಲು ಮುಂದೆ ಮಾಡಿ ಇದನ್ನೂ ಕೇಳಿ. ಅವರಾಗಿ ಹೇಳಲಾರರು.