ಹೋದ ವರ್ಷ ಓದಿ ಮುಗಿಸಿದವರು ಈಗ ಎಲ್ಲಿದ್ದಾರೆ?

ಪದವಿಗೆ ಸೇರುವ ಮೊದಲು ನಾವೆಲ್ಲ ಕೇಳಬೇಕಾದ ಪ್ರಶ್ನೆ ಒಂದಿದೆ. ಇದೇ ಕಾಲೇಜಿನಲ್ಲಿ ಇದೇ ಕೋರ್ಸನ್ನು ಹೋದ ವರ್ಷ ಮುಗಿಸಿದವರು ಈಗ ಏನು ಮಾಡುತ್ತಿದ್ದಾರೆ? ಎಷ್ಟು ಜನರಿಗೆ ಕೆಲಸ ಸಿಕ್ಕಿದೆ, ಎಷ್ಟು ಜನ ಮುಂದೆ ಓದುತ್ತಿದ್ದಾರೆ, ಎಷ್ಟು ಜನ ಮನೆಯಲ್ಲಿದ್ದಾರೆ? ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ರಾಯಲ್ಪಾಡು ಕಡೆ ಇದಕ್ಕೆ ಉತ್ತರ ಸಿಗುವುದು ಬಸ್ ನಿಲ್ದಾಣದಲ್ಲಿ. ‘ಬಿ.ಕಾಂ. ಮಾಡು, ಬ್ಯಾಂಕಿಗೆ ಆಗುತ್ತೆ’ ಅಂತ ಒಬ್ಬರು, ‘ಬಿ.ಎ. ಆದರೆ ಪಿಡಿಒ ಪರೀಕ್ಷೆಗೆ ಅನುಕೂಲ’ ಅಂತ ಇನ್ನೊಬ್ಬರು. ಹೇಳುವವರ ಕೈಯಲ್ಲಿ ಲೆಕ್ಕವಿಲ್ಲ. ಕೇಳುವ ನಮ್ಮ ಹತ್ತಿರವೂ ಇಲ್ಲ.

ನಮ್ಮದು ಮಾವಿನ ತಾಲ್ಲೂಕು. ಗಿಡ ನೆಡುವ ರೈತನಿಗೆ ತೋತಾಪುರಿ ಹೋದ ವರ್ಷ ಎಷ್ಟಕ್ಕೆ ಹೋಯಿತು, ಬಾದಾಮಿಗೆ ಎಷ್ಟು ಸಿಕ್ಕಿತು ಎಂಬುದು ಗೊತ್ತಿರುತ್ತದೆ. ಬೆಲೆ ಬಿದ್ದು ನಷ್ಟವಾಗಬಹುದು, ಆದರೆ ಕಣ್ಣುಮುಚ್ಚಿ ನೆಡುವುದಿಲ್ಲ. ಅದೇ ರೈತ ಮಗಳನ್ನು ಕಾಲೇಜಿಗೆ ಸೇರಿಸುವಾಗ ಮೂರು ವರ್ಷದ ಶುಲ್ಕ, ಬಸ್ ಪಾಸು, ಅವಳ ದುಡಿಮೆಯ ವಯಸ್ಸು ಎಲ್ಲವನ್ನೂ ಅಂದಾಜಿನ ಮೇಲೆ ಹಾಕಬೇಕಾಗಿದೆ.

ಹಾಗಂತ ಉನ್ನತ ಶಿಕ್ಷಣದಲ್ಲಿ ಅಂಕಿಅಂಶಗಳಿಗೆ ಬರವೇನೂ ಇಲ್ಲ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ 2010-11ರಿಂದ ನಡೆಯುತ್ತಿದೆ. ದೇಶದ ಕಾಲೇಜುಗಳು ವಿದ್ಯಾರ್ಥಿಗಳೆಷ್ಟು, ಅಧ್ಯಾಪಕರೆಷ್ಟು, ಯಾವ ಸಮುದಾಯದವರು ಎಷ್ಟು, ಉತ್ತೀರ್ಣರಾದವರು ಎಷ್ಟು ಎಂದು ಅದಕ್ಕೆ ತುಂಬಿ ಕೊಡುತ್ತವೆ. 2021-22ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಉನ್ನತ ಶಿಕ್ಷಣ ಪಡೆಯುತ್ತಿದ್ದವರು ಸುಮಾರು 4.33 ಕೋಟಿ. 18ರಿಂದ 23 ವಯಸ್ಸಿನ ಒಂದು ಲಕ್ಷ ಜನರಿಗೆ ದೇಶದಲ್ಲಿ ಸರಾಸರಿ 30 ಕಾಲೇಜುಗಳಿದ್ದರೆ ಕರ್ನಾಟಕದಲ್ಲಿ 66 ಇದ್ದವು. ಅಂದರೆ ಕಾಲೇಜು ಎಲ್ಲಿದೆ ಎಂಬುದು ನಮ್ಮ ರಾಜ್ಯದಲ್ಲಿ ಮೊದಲಿನಷ್ಟು ದೊಡ್ಡ ಪ್ರಶ್ನೆಯಲ್ಲ. ಅಲ್ಲಿ ಓದಿ ಹೊರಬಂದ ಮೇಲೆ ಏನಾಗುತ್ತದೆ ಎಂಬುದೇ ಈಗಿನ ಪ್ರಶ್ನೆ.

ಇದರ ಜೊತೆಗೆ ನ್ಯಾಕ್ ಇದೆ. 1994ರಲ್ಲಿ ಸ್ಥಾಪನೆಯಾದ ಇದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನ ನಾಗರಭಾವಿಯಲ್ಲೇ ಇದೆ. ಮಾನ್ಯತೆ ಪಡೆದ ಕಾಲೇಜುಗಳಲ್ಲಿ ಆಂತರಿಕ ಗುಣಮಟ್ಟ ಖಾತರಿ ಕೋಶ, ಅಂದರೆ ಐಕ್ಯೂಎಸಿ, ಇರುತ್ತದೆ. ಅದು ವರ್ಷಕ್ಕೊಂದು ಗುಣಮಟ್ಟದ ವರದಿ ತಯಾರಿಸುತ್ತದೆ. 2016ರಿಂದ ಎನ್‌ಐಆರ್‌ಎಫ್ ರ್‍ಯಾಂಕಿಂಗ್ ಪ್ರಕಟವಾಗುತ್ತಿದೆ, ಅದಕ್ಕೂ ಬೇರೆ ಮಾಹಿತಿ ಕೊಡಬೇಕು. ರಾಜ್ಯ ಸರ್ಕಾರದ ಯುಯುಸಿಎಂಎಸ್ ತಂತ್ರಾಂಶದಲ್ಲಿ ನಮ್ಮ ದಾಖಲಾತಿಯಿಂದ ಫಲಿತಾಂಶದವರೆಗೆ ಎಲ್ಲವೂ ಸೇರುತ್ತದೆ.

ಅಂತಿಮ ವರ್ಷದಲ್ಲಿದ್ದಾಗ, ಕಾಲೇಜೊಂದರಲ್ಲಿ ಇದೇ ವಿಷಯದ ಮೇಲೆ ನಡೆದ ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ನಾನು ಸ್ವಯಂಸೇವಕನಾಗಿದ್ದೆ. ಬ್ಯಾಗು, ಪೆನ್ನು ಹಂಚುತ್ತಲೇ ಭಾಷಣಗಳನ್ನೂ ಕೇಳಿದೆ. ದಾಖಲೆಗಳನ್ನು ಹೇಗೆ ಜೋಡಿಸಬೇಕು, ಯಾವ ಮಾನದಂಡಕ್ಕೆ ಎಷ್ಟು ಅಂಕ, ಫೋಟೊದಲ್ಲಿ ದಿನಾಂಕ ಹೇಗೆ ಕಾಣಬೇಕು ಎಂಬುದರ ಬಗ್ಗೆ ವಿವರವಾಗಿ ಮಾತನಾಡಿದರು. ಪಾಠದ ಜೊತೆ ಇಷ್ಟೆಲ್ಲ ಕೆಲಸ ಅಧ್ಯಾಪಕರ ತಲೆಯ ಮೇಲೆ ಬಿದ್ದಿದೆಯಲ್ಲ ಎಂದು ನನಗೆ ನಿಜವಾಗಿಯೂ ಮರುಕವಾಯಿತು. ಆದರೆ ಈ ಅಂಕಿಗಳಿಂದ ವಿದ್ಯಾರ್ಥಿಗೆ ಏನು ತಿಳಿಯಬೇಕು ಎಂಬ ಮಾತು ದಿನವಿಡೀ ಬರಲಿಲ್ಲ. ಎಲ್ಲ ಅಂಕಿಗಳೂ ಮೇಲಕ್ಕೆ ಹೋಗುತ್ತವೆ, ಕೆಳಕ್ಕೆ ಇಳಿದು ಬರುವುದಿಲ್ಲ.

ಐಕ್ಯೂಎಸಿ ವಾರ್ಷಿಕ ವರದಿಯಲ್ಲಿ ನಮಗೆ ಹತ್ತಿರವಾದ ಭಾಗವೂ ಇದೆ. ಐದನೇ ಮಾನದಂಡ ವಿದ್ಯಾರ್ಥಿಗಳ ಬೆಂಬಲ ಮತ್ತು ಮುನ್ನಡೆಗೆ ಸಂಬಂಧಿಸಿದ್ದು. ಆ ವರ್ಷ ಕೆಲಸ ಪಡೆದವರೆಷ್ಟು, ಉನ್ನತ ವ್ಯಾಸಂಗಕ್ಕೆ ಹೋದವರೆಷ್ಟು ಎಂದು ಅಲ್ಲಿ ಕೇಳುತ್ತಾರೆ. ಈ ಎರಡೂ ಗುಂಪಿಗೆ ಸೇರದವರು ಎಲ್ಲಿಗೆ ಹೋದರು? ಅದಕ್ಕೆ ಪ್ರತ್ಯೇಕ ಸಾಲೇ ಇಲ್ಲ. ಗೆದ್ದವರನ್ನು ಎಣಿಸುತ್ತೇವೆ, ನಿಂತುಹೋದವರನ್ನು ಎಣಿಸುವುದಿಲ್ಲ. ನಮ್ಮಂಥ ಗಡಿ ಹೋಬಳಿಗಳಲ್ಲಿ ಹೆಚ್ಚು ತಿಳಿಯಬೇಕಾದದ್ದು ಆ ಮೂರನೆಯ ಗುಂಪಿನ ಕಥೆಯೇ.

ಇದು ಅಸಾಧ್ಯದ ಕೆಲಸವಲ್ಲ. ನಾನೂ ನನ್ನ ಸಹಪಾಠಿಯೊಬ್ಬನೂ ಸೇರಿ ನಮ್ಮ ಬ್ಯಾಚಿನ ಪಟ್ಟಿ ಮಾಡಿದೆವು. ಹಾಜರಿ ಪುಸ್ತಕದ ಕ್ರಮದಲ್ಲಿ ಹೆಸರು ಬರೆದು ಫೋನು ಮಾಡುತ್ತಾ ಹೋದೆವು. ಎರಡು ಸಂಜೆ ಸಾಕಾಯಿತು. ಕೆಲವರು ನರಸಾಪುರ, ವೇಮಗಲ್‌ ಕಾರ್ಖಾನೆಗಳಲ್ಲಿ ಗುತ್ತಿಗೆ ಕೆಲಸದಲ್ಲಿದ್ದಾರೆ. ಆ ಕೆಲಸಕ್ಕೆ ಪಿಯುಸಿಯೇ ಸಾಕಿತ್ತು ಎಂದು ಒಬ್ಬ ನಗುತ್ತಲೇ ಹೇಳಿದ. ಕೆಲವರು ಬಿ.ಇಡಿ. ಸೇರಿದ್ದಾರೆ. ಕೆಲವರು ನನ್ನ ಹಾಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಅಧಿಸೂಚನೆ ಕಾಯುತ್ತಿದ್ದಾರೆ. ಚೆನ್ನಾಗಿ ಓದುತ್ತಿದ್ದ ಕೆಲವು ಹುಡುಗಿಯರಿಗೆ ಮದುವೆಯಾಗಿದೆ, ಅವರ ನಂಬರು ಬದಲಾಗಿದೆ. ಈ ಪಟ್ಟಿಯನ್ನು ಈಗ ಸೇರುವ ತಮ್ಮ ತಂಗಿಯರಿಗೆ ತೋರಿಸಿದರೆ ಅವರು ಹೆದರಿ ಓಡುವುದಿಲ್ಲ. ಮೊದಲ ವರ್ಷದಿಂದಲೇ ಟ್ಯಾಲಿ ಕಲಿಯಬೇಕೋ, ಇಂಗ್ಲಿಷ್ ಸರಿಪಡಿಸಿಕೊಳ್ಳಬೇಕೋ ಎಂದು ಯೋಚಿಸುತ್ತಾರೆ.

ಹೊರದೇಶಗಳಲ್ಲಿ ಇದನ್ನು ಒಂದು ವೃತ್ತಿಯಾಗಿಯೇ ಬೆಳೆಸಿದ್ದಾರೆ. ಅಮೆರಿಕದ ಅನೇಕ ಕಾಲೇಜುಗಳಲ್ಲಿ ‘ಸಾಂಸ್ಥಿಕ ಸಂಶೋಧನೆ’ಗೆ ಪ್ರತ್ಯೇಕ ಕಚೇರಿ ಇರುತ್ತದೆ. ಯಾರು ಮಧ್ಯದಲ್ಲಿ ಓದು ಬಿಡುತ್ತಾರೆ, ಯಾವ ವಿಷಯದಲ್ಲಿ ಹೆಚ್ಚು ಜನ ಫೇಲಾಗುತ್ತಾರೆ, ಯಾಕೆ ಎಂದು ನೋಡುವುದೇ ಅಲ್ಲಿನವರ ಕೆಲಸ. ಅವರದೇ ಒಂದು ಸಂಘ 1960ರ ದಶಕದಿಂದ ಇದೆ, ಪ್ರತಿವರ್ಷ ಸಮ್ಮೇಳನ ನಡೆಸುತ್ತದೆ. 2015ರಿಂದ ಅಲ್ಲಿನ ಸರ್ಕಾರ ‘ಕಾಲೇಜ್ ಸ್ಕೋರ್‌ಕಾರ್ಡ್’ ಎಂಬ ಜಾಲತಾಣದಲ್ಲಿ, ಓದಿ ಹೊರಬಂದವರ ಗಳಿಕೆ ಮತ್ತು ಸಾಲದ ವಿವರವನ್ನು ಕಾಲೇಜುವಾರು ತೋರಿಸುತ್ತದೆ. ನಮ್ಮ ತಾಲ್ಲೂಕು ಕಾಲೇಜಿಗೆ ಅಂಥ ಕಚೇರಿ ಬೇಕು ಎಂದು ನಾನು ಹೇಳುತ್ತಿಲ್ಲ. ಆ ಪ್ರಶ್ನೆಗಳಾದರೂ ಬೇಕು ಎನ್ನುತ್ತೇನೆ.

ಇದಕ್ಕೆ ಆಕ್ಷೇಪಗಳಿವೆ, ಅವು ಸುಳ್ಳಲ್ಲ. ಅಂಕಿ ಕಡಿಮೆ ಬಂದರೆ ದಾಖಲಾತಿ ಇಳಿಯುತ್ತದೆ ಎಂದು ಕಾಲೇಜುಗಳು ಹೆದರುತ್ತವೆ. ಕೂಲಿ ಮಾಡುವವರ ಮಕ್ಕಳಿಗೆ, ಮನೆಯಲ್ಲಿ ತೆಲುಗು ಆಡಿ ತರಗತಿಯಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಕಲಿಯುವ ಮಕ್ಕಳಿಗೆ ಪಾಠ ಹೇಳುವ ಕಾಲೇಜನ್ನು ಬೆಂಗಳೂರಿನ ಕಾಲೇಜಿನ ಪಕ್ಕ ನಿಲ್ಲಿಸಿ ರ್‍ಯಾಂಕ್ ಕೊಡುವುದು ಅನ್ಯಾಯವೇ. ಅದಕ್ಕೇ ನಾನು ಕೇಳುತ್ತಿರುವುದು ರ್‍ಯಾಂಕ್ ಅಲ್ಲ, ಲೆಕ್ಕ. ಅಂಕಿಗೆ ಬಹುಮಾನ ಕಟ್ಟಿದರೆ ಅಂಕಿ ಕೆಡುತ್ತದೆ. 2025ರ ಫೆಬ್ರುವರಿಯಲ್ಲಿ ಉತ್ತಮ ಗ್ರೇಡಿಗಾಗಿ ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ಪರಿಶೀಲನಾ ಸಮಿತಿಯ ಸದಸ್ಯರನ್ನೇ ಸಿಬಿಐ ಬಂಧಿಸಿದ್ದನ್ನು ನಾವು ಓದಿದ್ದೇವೆ. ವಿದ್ಯಾರ್ಥಿಗಳೇ ಓದಿ ಸರಿ ತಪ್ಪು ಹೇಳಬಲ್ಲ ಸೂಚನಾ ಫಲಕದ ಲೆಕ್ಕವನ್ನು ತಿದ್ದುವುದು ಅಷ್ಟು ಸುಲಭವಲ್ಲ.

ನನ್ನ ಕೋರಿಕೆ ಚಿಕ್ಕದು. ಪ್ರತಿ ಕಾಲೇಜು ಪ್ರವೇಶದ ಸಮಯದಲ್ಲಿ ಒಂದು ಹಾಳೆಯನ್ನು ಸೂಚನಾ ಫಲಕಕ್ಕೆ ಅಂಟಿಸಲಿ. ಕೋರ್ಸುವಾರು ಸೇರಿದವರೆಷ್ಟು, ಮುಗಿಸಿದವರೆಷ್ಟು, ಒಂದು ವರ್ಷದ ನಂತರ ಕೆಲಸದಲ್ಲಿರುವವರೆಷ್ಟು, ಓದುತ್ತಿರುವವರೆಷ್ಟು, ಎರಡೂ ಇಲ್ಲದವರೆಷ್ಟು, ಸಂಪರ್ಕಕ್ಕೆ ಸಿಗದವರೆಷ್ಟು. ಯಾರ ಹೆಸರೂ ಬೇಡ, ಸಂಖ್ಯೆ ಸಾಕು. ಹುಡುಗರು, ಹುಡುಗಿಯರದು ಬೇರೆ ಬೇರೆ ಇರಲಿ. ಸಂಪರ್ಕಕ್ಕೆ ಸಿಗದವರ ಸಾಲು ದೊಡ್ಡದಿದ್ದರೂ ನಾಚಿಕೆಯಿಲ್ಲ, ಅದೂ ಒಂದು ಮಾಹಿತಿಯೇ. ಕೋಲಾರದಲ್ಲೇ ಕೇಂದ್ರವಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ತನ್ನ ಸಂಯೋಜಿತ ಕಾಲೇಜುಗಳಿಗೆ ಒಂದೇ ಮಾದರಿಯ ಹಾಳೆ ಕೊಟ್ಟರೆ ಅಧ್ಯಾಪಕರಿಗೆ ಹೊರೆಯೂ ಕಡಿಮೆ.

ನಮ್ಮ ಪಾಲಿನ ಕೆಲಸವೂ ಇದೆ. ಕಾಲೇಜಿನ ಜಾಲತಾಣದಲ್ಲಿ ಐಕ್ಯೂಎಸಿ ವಾರ್ಷಿಕ ವರದಿ ಹುಡುಕಿ, ಐದನೇ ಮಾನದಂಡ ಓದಿ. ಸಿಗದಿದ್ದರೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಜಗಳಕ್ಕಲ್ಲ, ತಿಳಿದುಕೊಳ್ಳಲು ಕೇಳಿ. ಓದು ಮುಗಿಸಿ ಹೋದ ಮೇಲೆ ಕಾಲೇಜಿನಿಂದ ಫೋನು ಬಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕೆಲಸ ಸಿಕ್ಕಿಲ್ಲವಾದರೆ ಸಿಕ್ಕಿಲ್ಲ ಎನ್ನಿ. ನಿಮ್ಮ ಆ ಒಂದು ಉತ್ತರದಿಂದ ಮುಂದೆ ಸೇರುವ ಹುಡುಗಿಯೊಬ್ಬಳಿಗೆ ಮೂರು ವರ್ಷ ಉಳಿಯಬಹುದು, ಇಲ್ಲವೇ ಆ ಮೂರು ವರ್ಷವನ್ನು ಹೇಗೆ ಬಳಸಬೇಕೆಂದು ಮೊದಲೇ ತಿಳಿಯಬಹುದು.