ಹೊಟ್ಟೆನೋವೆನ್ನುವ ಮಕ್ಕಳು

ದೀಪಾವಳಿ ಕಳೆಯುತ್ತಲೇ ಆದವಾನಿ, ಕೋಸಿಗಿ, ಸಿ. ಬೆಳಗಲ್ ಸೀಮೆಯ ಊರುಗಳಲ್ಲಿ ಬೀಗ ಬಿದ್ದ ಬಾಗಿಲುಗಳು ಹೆಚ್ಚುತ್ತ ಹೋಗುತ್ತವೆ. ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಗುಂಟೂರಿನ ಕಡೆಗೆ ಹೊರಡುವ ಈ ವಲಸೆಗೆ ನಮ್ಮ ಜನ 'ಸುಗ್ಗಿ' ಎಂದೇ ಹೆಸರಿಟ್ಟಿದ್ದಾರೆ. ಆ ಸವಿಯಾದ ಮಾತಿಗೆ ಇದಕ್ಕಿಂತ ಕಹಿಯಾದ ಅರ್ಥ ಬೇರೆಲ್ಲಿಯೂ ಬಂದಿರಲಾರದು. ಕೆಲವು ಮಕ್ಕಳು ತಂದೆತಾಯಿಗಳ ಜೊತೆಗೇ ಹೋಗುತ್ತಾರೆ; ಉಳಿದವರು ಅಜ್ಜಿಯ ವಶದಲ್ಲಿಯೋ ವಸತಿನಿಲಯದಲ್ಲಿಯೋ ಇರುತ್ತಾರೆ. ಹೋದವರ ಓದು ಕೆಟ್ಟಿತೆಂದು ನಾವು ಮರುಗುವುದುಂಟು. ಉಳಿದವರ ಮನಸ್ಸಿನ ಪಾಡೇನೆಂದು ಕೇಳುವವರು ವಿರಳ.

ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ದುಃಖ ನೇರವಾಗಿ ಬಾಯಿಗೆ ಬರುವುದಿಲ್ಲ. ಅಜ್ಜಿಯ ಮುಂದೆ 'ಮನಸಿಗೆ ಬ್ಯಾಸರ' ಎನ್ನಬಹುದಾದ ಮಗು ತೆಲುಗಿನ ಶಾಲೆಯಲ್ಲಿ ಅದನ್ನೇ 'ಕಡುಪು ನೊಪ್ಪಿ' ಎಂದು ಹೇಳಿ ಮುಗಿಸುತ್ತದೆ. ಮನೆಗೆ ಹೋಗೆಂದು ಅಪ್ಪಣೆಯಾಗುತ್ತದೆ; ಮನೆಯಲ್ಲಿ ಯಾರಿದ್ದಾರೆ? ಎಲ್ಲ ಹೊಟ್ಟೆನೋವೂ ಮನಸ್ಸಿನದೆಂದು ನಾವು ಹೇಳುತ್ತಿಲ್ಲ. ಮೊದಲು ವೈದ್ಯರಿಗೆ ತೋರಿಸಲೇಬೇಕು. ಆದರೆ ತಪಾಸಣೆಯಲ್ಲಿ ಏನೂ ಕಾಣದೆ ಮತ್ತೆ ಮತ್ತೆ ಮರಳುವ ನೋವು, ನಿದ್ದೆಗೇಡು, ಆಟದಿಂದ ದೂರ ಸರಿಯುವಿಕೆ ಇವುಗಳನ್ನು ಸೋಮಾರಿತನವೆಂದು ಗದರಿಸುವುದು ಅನ್ಯಾಯ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ತೊಂದರೆಯಿರುವುದು ಕಂಡುಬಂದಿತು. ಮುನ್ನೂರು ಮಕ್ಕಳ ಪ್ರೌಢಶಾಲೆಯೊಂದಕ್ಕೆ ಈ ಲೆಕ್ಕ ಹಿಡಿದರೆ ಇಪ್ಪತ್ತಕ್ಕೂ ಮಿಕ್ಕಿ ಮಕ್ಕಳು.

ಮನಸ್ಸಿನ ಆರೈಕೆ ದೊಡ್ಡ ಪಟ್ಟಣದ ತಜ್ಞರಿಗಷ್ಟೇ ಸಾಧ್ಯವೆಂಬ ಭಾವನೆಯನ್ನು ನಮ್ಮ ನೆರೆಯ ಬಳ್ಳಾರಿ ಜಿಲ್ಲೆ 1980ರ ದಶಕದಲ್ಲಿಯೇ ಸುಳ್ಳು ಮಾಡಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿಯಿತ್ತರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಅದೇ ಸಂಸ್ಥೆ ಶಾಲೆಗಳಿಗಾಗಿ ಜೀವನ ಕೌಶಲ ಶಿಕ್ಷಣವನ್ನು ರೂಪಿಸಿ, ಪಾಠ ಹೇಳುವ ಶಿಕ್ಷಕರನ್ನೇ ಅದಕ್ಕೆ ಸಿದ್ಧಗೊಳಿಸಿತು. ಒಂದು ವರ್ಷದ ತರುವಾಯ ಎರಡು ಶಾಲೆಗಳ 605 ಮಕ್ಕಳನ್ನು, ಈ ಶಿಕ್ಷಣ ದೊರೆಯದ ನೆರೆಶಾಲೆಗಳ 423 ಮಕ್ಕಳೊಡನೆ ಹೋಲಿಸಿ ನೋಡಲಾಯಿತು. ಆತ್ಮಗೌರವ, ಕಷ್ಟ ಎದುರಿಸುವ ಬಗೆ, ಗುರುಗಳೊಡನೆಯ ಹೊಂದಾಣಿಕೆ ಇವು ಮೊದಲ ಗುಂಪಿನಲ್ಲಿ ಮೇಲಾಗಿದ್ದವು. ಮನೆಯವರೊಡನೆ, ಗೆಳೆಯರೊಡನೆ ಹೊಂದಿಕೊಳ್ಳುವುದರಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. 2010ರಲ್ಲಿ ಪ್ರಕಟವಾದ ಈ ವರದಿಯನ್ನು ಓದಿ ನಾವು ಕೊಂಚ ಹೊತ್ತು ಸುಮ್ಮನಾದೆವು. ಶಾಲೆಯ ಗಂಟೆ ಮನೆಯ ಹೊಸ್ತಿಲು ದಾಟಿರಲಿಲ್ಲ.

ಬಿಹಾರದ ನಾಲಂದಾ ಜಿಲ್ಲೆಯ ಪ್ರಯೋಗ ಇನ್ನೊಂದು ಬಗೆಯದು. ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರೂ, ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಆಪ್ತಸಲಹೆಗಾರರೂ ನಡೆಸಿದರು. ಹೆಸರು ಬರೆಯದೆ ಚೀಟಿ ಹಾಕಲು ಪೆಟ್ಟಿಗೆಯಿತ್ತು, ಗೋಡೆಪತ್ರಿಕೆಯಿತ್ತು. 2018ರಲ್ಲಿ ಹೊರಬಂದ ಫಲಿತಾಂಶದಂತೆ ಸಲಹೆಗಾರರಿದ್ದ ಶಾಲೆಗಳಲ್ಲಿ ಖಿನ್ನತೆ, ಪೀಡನೆ ತಗ್ಗಿದವು. ಶಿಕ್ಷಕರು ನಡೆಸಿದಲ್ಲಿ ಹೇಳಿಕೊಳ್ಳುವಂತಹ ಫಲ ಕಾಣಲಿಲ್ಲ.

ಇದರಿಂದ ಗುರುಗಳನ್ನು ಹಳಿಯಬೇಕೆಂದಲ್ಲ. ಹಾಜರಿ, ಮಧ್ಯಾಹ್ನದೂಟ, ಚುನಾವಣೆಯ ಕೆಲಸ ಇವೆಲ್ಲದರ ನಡುವೆ ಅವರು ಪಾಠ ಹೇಳುವುದೇ ಒಂದು ಸಾಹಸ. ಅಂಕ ಹಾಕುವವರ ಮುಂದೆಯೇ ಮನಸ್ಸು ಬಿಚ್ಚೆಂದರೆ ಮಗು ಹಿಂಜರಿಯುವುದು ಸಹಜ. ತರಗತಿಯ ಸಾಮೂಹಿಕ ಪಾಠ ಗುರುಗಳಿಂದ ಆಗಲಿ. ಗುಟ್ಟಾಗಿ ಕೇಳುವ ಕಿವಿ ಬೇರೆಯವರದಿರಲಿ ಎಂಬುದು ನಮ್ಮ ಅಭಿಮತ. ಆ ಕಿವಿಗೆ ಮಗುವಿನ ಮನೆಮಾತು ತಿಳಿದಿರಬೇಕು. ಗಡಿಯ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ಆಂಧ್ರಪ್ರದೇಶದಿಂದಲೇ ಹೋದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಜುಲೈಯಲ್ಲಿ ವಿದ್ಯಾಸಂಸ್ಥೆಗಳಿಗೆ ಮಾರ್ಗಸೂಚಿಗಳನ್ನು ವಿಧಿಸಿತು. ನೂರು ಅಥವಾ ಹೆಚ್ಚು ಮಕ್ಕಳಿರುವಲ್ಲಿ ಅರ್ಹ ಸಲಹೆಗಾರರೊಬ್ಬರಾದರೂ ಇರಬೇಕು. ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕವಿರಿಸಿಕೊಳ್ಳಬೇಕು. ಪೋಷಕರ ಸಭೆಗೆ ಹೋಗುವ ನಮ್ಮ ಓದುಗರು ಅಂಕಪಟ್ಟಿಗೆ ಸಹಿ ಹಾಕುವ ಮುನ್ನ, 'ನಮ್ಮ ಶಾಲೆಯಲ್ಲಿ ಅಂಥವರು ಯಾರು? ಅವರಿಗೆ ಕನ್ನಡ ಬರುತ್ತದೆಯೆ?' ಎಂದು ಕೇಳಬಹುದು. ಉತ್ತರ ಬಾರದಿದ್ದರೆ ಮುಂದಿನ ಸಭೆಯಲ್ಲಿಯೂ ಕೇಳಬಹುದು.

ಅಲ್ಲಿಯವರೆಗೆ 14416 ಎಂಬ ದೂರವಾಣಿ ಸಂಖ್ಯೆಯನ್ನು ಅಜ್ಜಿಯರಿಗೂ ತಿಳಿಸಿಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆಗೆ ಹಣ ಕೊಡಬೇಕಿಲ್ಲ. ಹಗಲಿರುಳೂ ಕರೆ ಮಾಡಬಹುದು. ಕರೆ ಮಾಡಿದವರು ಭಾಷೆಯನ್ನು ಆರಿಸಿಕೊಳ್ಳಬಹುದು, ಅದರಲ್ಲಿ ಕನ್ನಡವೂ ಇದೆ.