ಸಮುದ್ರಕ್ಕೂ ಪಾಲಿದೆ, ನರಗುಂದಕ್ಕೂ ಇದೆ

ನಮ್ಮಲ್ಲಿ ಹುಟ್ಟಿ ಗೋವೆಯಲ್ಲಿ ಮಾಂಡೋವಿ ಎನಿಸಿ ಕಡಲು ಸೇರುವ ಮಹದಾಯಿಯ ಮಾತು ಬಂದಾಗಲೆಲ್ಲ ನಮ್ಮ ವೇದಿಕೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: ಸುಮ್ಮನೆ ಸಮುದ್ರಕ್ಕೆ ಪೋಲಾಗುವ ನೀರು ಕೇಳಿದರೆ ಗೋವೆಗೇನು ಹೊಟ್ಟೆಯುರಿ? ಈ ನೀರಿಗಾಗಿ 2015ರಿಂದ ವರ್ಷಗಟ್ಟಲೆ ನರಗುಂದದ ಹೋರಾಟದ ಪೆಂಡಾಲಿನಲ್ಲಿ ಕೂತ ರೈತರು ಹೀಗೆಂದರೆ ಅವರ ಸಂಕಟ ತಿಳಿಯುತ್ತದೆ. ಆದರೆ ಅಧಿಕಾರದಲ್ಲಿದ್ದು, ವಕೀಲರ ಪಡೆಯನ್ನೇ ಬೆನ್ನಿಗಿಟ್ಟುಕೊಂಡವರೂ ಅದನ್ನೇ ಒದರಿದರೆ ಸಿಟ್ಟು ಬರುತ್ತದೆ. ಗೆಲ್ಲಬಹುದಾದ ಮೊಕದ್ದಮೆಯನ್ನು ಕೆಡಿಸುವ ವಾದ ಅದು.

ಆ ವಾದದ ಬೆನ್ನಿಗಿರುವ, ನದಿ ನಮ್ಮಲ್ಲಿ ಹುಟ್ಟಿತು, ಆದ್ದರಿಂದ ನಮ್ಮದು ಎಂಬ ಹಟ ಹೊಸದಲ್ಲ. 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಜಡ್ಸನ್ ಹಾರ್ಮನ್ ಮೆಕ್ಸಿಕೋದ ತಕರಾರಿನ ಬಗ್ಗೆ ಹೇಳಿದ್ದು ಇದನ್ನೇ. 1906ರಲ್ಲಿ ಅದೇ ಅಮೆರಿಕ ಒಪ್ಪಂದಕ್ಕೆ ಸಹಿ ಹಾಕಿ ರಿಯೋ ಗ್ರಾಂಡೆ ನೀರು ಕೊಟ್ಟಿತು. 1966ರ ಹೆಲ್ಸಿಂಕಿ ನಿಯಮಗಳು ಆ ಹಟವನ್ನು ಮೂಲೆಗೆ ತಳ್ಳಿ ನ್ಯಾಯೋಚಿತ ಹಂಚಿಕೆಯ ಮಾತಾಡಿದವು. 1997ರ ವಿಶ್ವಸಂಸ್ಥೆಯ ಜಲಮಾರ್ಗ ಒಡಂಬಡಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನದಿ ಸೇರುವ ಅಳಿವೆಯನ್ನೂ ಕಡಲನ್ನೂ ಕಾಯುವುದು ನದಿ ಹಂಚಿಕೊಂಡ ದೇಶಗಳ ಹೊಣೆ ಎಂದಿತು. ಭಾರತ ಅದಕ್ಕೆ ಮತ ಹಾಕದೆ ತಟಸ್ಥವಾಗಿತ್ತು, ನಿಜ. ಇವೆಲ್ಲ ದೇಶದೇಶಗಳ ನಡುವಿನ ಕಾನೂನು, ರಾಜ್ಯಗಳಿಗೆ ನೇರವಾಗಿ ಅನ್ವಯಿಸದು ಎಂಬುದೂ ನಿಜ. ಆದರೆ ಕಾವೇರಿ ವ್ಯಾಜ್ಯದಲ್ಲಿ ನ್ಯಾಯಮಂಡಳಿಯೂ ಸುಪ್ರೀಂ ಕೋರ್ಟೂ ಹಾರ್ಮನ್‌ನನ್ನು ಬದಿಗೆ ಸರಿಸಿ ಹೆಲ್ಸಿಂಕಿಯನ್ನೇ ಹಿಡಿದವು. 2007ರ ಕಾವೇರಿ ಐತೀರ್ಪಿನ 740 ಟಿಎಂಸಿಯಲ್ಲಿ ಪರಿಸರಕ್ಕೆ 10, ಕಡಲಿಗೆ ಅನಿವಾರ್ಯವಾಗಿ ಹರಿಯುವುದಕ್ಕೆ 4 ಎಂದು ಬೇರೆಯಾಗಿಯೇ ಎತ್ತಿಡಲಾಗಿದೆ. ಸಮುದ್ರದ ಪಾಲು ಲೆಕ್ಕದ ಪುಸ್ತಕ ಸೇರಿ ಎಷ್ಟೋ ವರ್ಷವಾಯಿತು.

ದೂರ ಹೋಗುವುದೇ ಬೇಡ. 2024ರ ಆರಂಭದಲ್ಲಿ ಶಿರಹಟ್ಟಿ ಸೀಮೆಯ ಮಾಗಡಿ ಕೆರೆ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿದಾಗ ಗದಗ ಜಿಲ್ಲೆಯೇ ಬೀಗಿತು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತೆಂದು ಸಂಭ್ರಮಿಸಿದೆವು. ಅದೇ ಪಟ್ಟಿಯಲ್ಲಿ ಜತೆಗೇ ಬಂದ ಇನ್ನೊಂದು ಹೆಸರು ಕುಮಟಾದ ಅಘನಾಶಿನಿ ಅಳಿವೆ. ಅಣೆಕಟ್ಟೆಯ ತಡೆಯಿಲ್ಲದೆ ಹರಿದು ಬರುವ ಸಿಹಿನೀರು ಅಲ್ಲಿ ಉಪ್ಪುನೀರಿಗೆ ಬೆರೆಯುವುದರಿಂದಲೇ ಬಳಚು ಬೆಳೆಯುತ್ತದೆ, ಮೀನು ಮರಿ ಮಾಡುತ್ತದೆ, ಗಜನಿ ಗದ್ದೆಗಳಲ್ಲಿ ಕಗ್ಗದ ಭತ್ತ ಬರುತ್ತದೆ. ಕುಮಟಾದಲ್ಲಿ ಕಡಲು ಸೇರುವ ನೀರು ಸಂಪತ್ತು, ಪಣಜಿಯಲ್ಲಿ ಸೇರುವುದು ಪೋಲು! ಗೋವೆಯ ಖಜಾನ್ ಗದ್ದೆಗಳು ನಮ್ಮ ಗಜನಿಯ ಒಡಹುಟ್ಟುಗಳಲ್ಲವೇ?

ಹಾಗೆಂದು ಗೋವೆಯ ಹಟವನ್ನು ಒಪ್ಪಬೇಕಿಲ್ಲ. 2018ರ ಆಗಸ್ಟ್ 14ರಂದು ನ್ಯಾಯಮೂರ್ತಿ ಜೆ.ಎಂ. ಪಾಂಚಾಲ್ ನೇತೃತ್ವದ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟದ್ದು 13.42 ಟಿಎಂಸಿ. ಅದರಲ್ಲಿ 8.02 ವಿದ್ಯುತ್ತಿಗೆ, 1.5 ಕಣಿವೆಯೊಳಗಿನ ಬಳಕೆಗೆ. ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18, ಒಟ್ಟು 3.9 ಟಿಎಂಸಿ ಮಾತ್ರ ಮಲಪ್ರಭೆಗೆ. ನದಿಯಲ್ಲಿ ಮಂಡಳಿ ಲೆಕ್ಕ ಹಾಕಿದ ನೀರು 188 ಟಿಎಂಸಿ. ನೂರಕ್ಕೆ ಎರಡು ಪಾಲು ತೆಗೆದರೆ ಅಳಿವೆ ಸತ್ತೇ ಹೋಗುತ್ತದೆ ಎನ್ನುವವರು ಅದನ್ನು ಸಾಬೀತು ಮಾಡಲಿ. ದಶಕಗಟ್ಟಲೆ ಕಬ್ಬಿಣದ ಅದಿರಿನ ಬಾರ್ಜುಗಳನ್ನು ಮಾಂಡೋವಿಯ ಮೇಲೆ ಓಡಿಸಿದವರಿಗೆ ಜಲಚರಗಳ ನೆನಪು ನಮ್ಮ ಪೈಪು ಕಂಡಾಗಷ್ಟೇ ಬರುವುದು ಸೋಜಿಗ.

ನಮ್ಮ ನಿಜವಾದ ಬಲ ಇರುವುದು ಕುಡಿಯುವ ನೀರಿನಲ್ಲಿ. 1997ರ ಒಡಂಬಡಿಕೆಯ 10ನೇ ವಿಧಿ, ಬಳಕೆಗಳ ನಡುವೆ ತಿಕ್ಕಾಟ ಬಂದಾಗ ಮನುಷ್ಯನ ಜೀವಾಗತ್ಯಕ್ಕೆ ವಿಶೇಷ ಗಮನ ಕೊಡಿ ಎನ್ನುತ್ತದೆ. 2018ರ ಕಾವೇರಿ ತೀರ್ಪಿನಲ್ಲಿ ಬೆಂಗಳೂರಿಗೆ 4.75 ಟಿಎಂಸಿ ಹೆಚ್ಚು ಸಿಕ್ಕಿದ್ದು ಬಾಯಾರಿಕೆಯ ವಾದಕ್ಕೇ. ಸುಮಾರು 37 ಟಿಎಂಸಿ ಹಿಡಿಯಬಲ್ಲ ಮಲಪ್ರಭೆಯ ನವಿಲುತೀರ್ಥ ಜಲಾಶಯ ತುಂಬುವ ವರ್ಷಗಳೇ ಕಡಿಮೆ. ಅದನ್ನೇ ನಂಬಿದ ಹುಬ್ಬಳ್ಳಿ-ಧಾರವಾಡದ ನಳಗಳು, ನರಗುಂದ-ರೋಣದ ಕಾಲುವೆಗಳು ಒಂದೇ ಬಿಂದಿಗೆಗೆ ಕೈಯೊಡ್ಡುತ್ತವೆ. ಇಷ್ಟು ಗಟ್ಟಿ ಪ್ರಕರಣ ಕೈಯಲ್ಲಿರುವಾಗ ‘ಪೋಲು’ ಎಂಬ ಪೊಳ್ಳು ಏಕೆ?

ಇಲ್ಲೊಂದು ಕಹಿ ಮಾತು ಹೇಳಲೇಬೇಕು. ಕುಡಿಯಲೆಂದು ತಂದ ನೀರು ಕಾಲುವೆಯ ಮೇಲ್ತುದಿಯ ಕಬ್ಬಿಗೆ ಹರಿದರೆ ಬಾಯಾರಿಕೆಯ ವಾದ ಅಲ್ಲೇ ಮುಗಿಯಿತು. ನರಗುಂದದ ರೈತ ಕಾಲುವೆಯ ಕೊನೆಯವನು. ನೀರು ಕೊಡದೆ ಕರ ಕೇಳಿದ ಸರ್ಕಾರದ ವಿರುದ್ಧ 1980ರ ಜುಲೈನಲ್ಲಿ ಬಂಡೆದ್ದು ಗುಂಡಿಗೆ ಎದೆಯೊಡ್ಡಿದ ಊರದು. ಇತ್ತ ಮುಂಡರಗಿಯೂ ತುಂಗಭದ್ರೆಯ ಕೆಳದಂಡೆಯ ತಾಲ್ಲೂಕು. ಹಮ್ಮಿಗಿಯ ಬ್ಯಾರೇಜು ತುಂಬದಿದ್ದರೆ ಗದಗ-ಬೆಟಗೇರಿಯ ನಳ ಒಣಗುತ್ತದೆ. ಹುಟ್ಟಿದಲ್ಲೇ ನೀರು ಎಂಬ ತತ್ವವನ್ನು ಭದ್ರೆಯ ಮೇಲ್ದಂಡೆಯವರು ನಮ್ಮ ಮೇಲೆ ಪ್ರಯೋಗಿಸಿದರೆ ನಾವು ಯಾವ ಕೋರ್ಟಿಗೆ ಹೋಗೋಣ?

2022ರ ಕೊನೆಯಲ್ಲಿ ಕೇಂದ್ರ ಜಲ ಆಯೋಗ ಕಳಸಾ-ಬಂಡೂರಿಯ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಕೊಟ್ಟರೂ ವನ್ಯಜೀವಿ, ಅರಣ್ಯ ಅನುಮತಿಗಳ ಬಾಗಿಲಲ್ಲಿ ಕೆಲಸ ಸಿಕ್ಕಿಬಿತ್ತು. ದೆಹಲಿಗೆ ಇನ್ನೊಂದು ನಿಯೋಗ ಒಯ್ದು ಫೋಟೊ ತೆಗೆಸಿಕೊಳ್ಳುವ ಬದಲು ರಾಜ್ಯ ಸರ್ಕಾರ ಬರೆದುಕೊಡಲಿ: ಮಳೆಗಾಲದಲ್ಲಷ್ಟೇ ನೀರೆತ್ತುತ್ತೇವೆ, ಬೇಸಿಗೆಯ ಹರಿವನ್ನು ಮುಟ್ಟುವುದಿಲ್ಲ, ಗಡಿಯಲ್ಲಿ ಮಾಪಕವಿಡಿ, ಅದರ ಅಂಕಿ ದಿನವೂ ಗೋವೆಗೂ ನರಗುಂದಕ್ಕೂ ಕಾಣಲಿ. ಆಮೇಲೂ ಇಲ್ಲ ಎನ್ನುವ ಗೋವೆ ತನ್ನ ಕಾರಣವನ್ನು ನ್ಯಾಯಾಲಯಕ್ಕೆ ಹೇಳಬೇಕಾಗುತ್ತದೆ.